ಯಂತ್ರದ ಕಣ್ಣು ಮತ್ತು ತಿರಸ್ಕೃತ ಮಾಲಿನ ಲೆಕ್ಕ

ಸಣ್ಣ ಉದ್ದಿಮೆಯ ಲಾಭ-ನಷ್ಟದ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಿಸದೆ ಉಳಿಯುವ ಖರ್ಚುಗಳಲ್ಲಿ ತಿರಸ್ಕೃತ ಮಾಲಿನ ಖರ್ಚು ಪ್ರಮುಖವಾದುದು. ಒಂದು ಬಿಡಿಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಸಾಕು, ಗ್ರಾಹಕ ಕಂಪನಿಯು ಇಡೀ ಲಾಟನ್ನು ಹಿಂದಿರುಗಿಸಿ ಡೆಬಿಟ್ ನೋಟ್ ಕಳುಹಿಸುತ್ತದೆ. ಆ ಮೊತ್ತವು ಮಾರಾಟದ ಅಂಕಿಯಲ್ಲಿಯೇ ಕಳೆದುಹೋಗುವುದರಿಂದ ಮಾಲೀಕರ ಗಮನಕ್ಕೆ ಪೂರ್ಣವಾಗಿ ಬರುವುದಿಲ್ಲ. ಹಿಂದಿರುಗುವ ಸಾಗಾಣಿಕೆ, ಮರುಪರಿಶೀಲನೆಯ ಕೂಲಿ, ತಡವಾದ ಪಾವತಿ ಇವೆಲ್ಲವೂ ಬೇರೆ ಬೇರೆ ಖಾತೆಗಳಲ್ಲಿ ಹಂಚಿಹೋಗಿರುತ್ತವೆ.

ಈ ಹಿನ್ನೆಲೆಯಲ್ಲಿ ಕ್ಯಾಮೆರಾ ಮತ್ತು ಗಣಕಯಂತ್ರದ ನೆರವಿನಿಂದ ಮಾಲನ್ನು ಪರಿಶೀಲಿಸುವ ವ್ಯವಸ್ಥೆಗಳ ಮಾರಾಟಗಾರರು ಸಣ್ಣ ಕಾರ್ಖಾನೆಗಳ ಬಾಗಿಲಿಗೂ ಬರುತ್ತಿದ್ದಾರೆ. 'ಶೇ. 99 ನಿಖರತೆ' ಎಂಬ ಮಾತು ಅವರ ಕೊಟೇಶನ್‌ಗಳಲ್ಲಿ ಸಾಮಾನ್ಯ. ಈ ವ್ಯವಸ್ಥೆಯು ಹೇಗೆ ಕೆಲಸ ಮಾಡುತ್ತದೆ, ಆ ಶೇ. 99ರ ಅರ್ಥವೇನು, ಹಣ ಹೂಡುವ ಮುನ್ನ ಯಾವ ಲೆಕ್ಕ ಹಾಕಬೇಕು ಎಂಬುದನ್ನು ವರ್ತಕರು ಹಾಗೂ ಸಣ್ಣ ಉತ್ಪಾದಕರ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಹೊಸದೇನೂ ಅಲ್ಲ

ಈ ತಂತ್ರಜ್ಞಾನವು ನಮಗೆ ಅಪರಿಚಿತವಲ್ಲ. ಗಂಗಾವತಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಲ್ಲಿ 'ಸಾರ್ಟೆಕ್ಸ್' ಎಂಬ ಹೆಸರು ಮನೆಮಾತಾಗಿದೆ. ಮೂಲತಃ ಇಂಗ್ಲೆಂಡಿನ ಒಂದು ಕಂಪನಿಯದಾದ, ಇಂದು ಸ್ವಿಟ್ಜರ್ಲೆಂಡಿನ ಬ್ಯೂಲರ್ ಸಮೂಹಕ್ಕೆ ಸೇರಿದ ಈ ಹೆಸರು ಅಕ್ಕಿ ವ್ಯಾಪಾರದಲ್ಲಿ ಒಂದು ದರ್ಜೆಯ ಹೆಸರೇ ಆಗಿಬಿಟ್ಟಿದೆ. ಇಳಿಜಾರಿನಲ್ಲಿ ಜಾರಿ ಬೀಳುವ ಅಕ್ಕಿಯ ಕಾಳುಗಳನ್ನು ಕ್ಯಾಮೆರಾಗಳು ನೋಡುತ್ತವೆ. ಬಣ್ಣಗೆಟ್ಟ ಕಾಳು ಕಂಡೊಡನೆ ಗಾಳಿಯ ಸಣ್ಣ ಚಿಮ್ಮೊಂದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಗಾಳಿಯೊಂದಿಗೆ ಅಕ್ಕಪಕ್ಕದ ಒಳ್ಳೆಯ ಕಾಳುಗಳೂ ಹೋಗುತ್ತವೆಂಬುದು ಗಿರಣಿ ಮಾಲೀಕರಿಗೆ ತಿಳಿದ ವಿಷಯ. ಆದ್ದರಿಂದಲೇ ತಿರಸ್ಕೃತ ಅಕ್ಕಿಯನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಯಿಸುವ ಪದ್ಧತಿಯಿದೆ. ಈ ಒಂದು ಅನುಭವವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಆಕಾರವನ್ನು ಅಳೆಯುವ ಬಗೆ

ಕ್ಯಾಮೆರಾಗೆ ವಸ್ತು ಕಾಣುವುದಿಲ್ಲ, ಅಂಕೆಗಳು ಮಾತ್ರ ಕಾಣುತ್ತವೆ. ಸಾಮಾನ್ಯ ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿಯೊಂದು ಚುಕ್ಕೆಗೆ, ಅಂದರೆ ಪಿಕ್ಸೆಲ್‌ಗೆ, 0ಯಿಂದ 255ರವರೆಗಿನ ಒಂದು ಅಂಕೆಯಿರುತ್ತದೆ. ಪೂರ್ಣ ಕಪ್ಪಿಗೆ 0, ಪೂರ್ಣ ಬಿಳುಪಿಗೆ 255. ವಸ್ತುವನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಒಂದು ಗಡಿ ಅಂಕೆಯನ್ನು ನಿಗದಿಪಡಿಸಬೇಕು. ಈ ಗಡಿಯನ್ನು ಚಿತ್ರದಿಂದಲೇ ಕಂಡುಕೊಳ್ಳುವ ಸರಳ ವಿಧಾನವನ್ನು ಜಪಾನಿನ ನೊಬುಯುಕಿ ಓತ್ಸು ಅವರು 1979ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಅಂಕೆಗಳು ಹಠಾತ್ತನೆ ಬದಲಾಗುವ ಜಾಗವೇ ವಸ್ತುವಿನ ಅಂಚು. ಅಂಚನ್ನು ಗುರುತಿಸಲು ಜಾನ್ ಕ್ಯಾನಿ ಅವರು 1986ರಲ್ಲಿ ರೂಪಿಸಿದ ವಿಧಾನವು ಪ್ರಸಿದ್ಧ. ಅಂಚಿನ ಬಿಂದುಗಳಿಂದ ಸರಳರೇಖೆಗಳನ್ನು ಕಂಡುಹಿಡಿಯುವ ಕ್ರಮಕ್ಕೆ ಪಾಲ್ ಹಫ್ ಅವರು 1962ರಲ್ಲಿ ಪೇಟೆಂಟ್ ಪಡೆದಿದ್ದರು. 1972ರಲ್ಲಿ ಡ್ಯೂಡಾ ಮತ್ತು ಹಾರ್ಟ್ ಎಂಬಿಬ್ಬರು ಅದನ್ನು ಸುಧಾರಿಸಿ, ವೃತ್ತದಂತಹ ವಕ್ರರೇಖೆಗಳಿಗೂ ಅನ್ವಯಿಸಿ ತೋರಿಸಿದರು. ಫ್ಲೇಂಜ್‌ನಲ್ಲಿ ಎಷ್ಟು ರಂಧ್ರಗಳಿವೆ, ಅವು ಸರಿಯಾದ ಜಾಗದಲ್ಲಿವೆಯೇ ಎಂದು ನೋಡಲು ಈ ಕ್ರಮ ಅನುಕೂಲ.

ಆಕಾರವು ದುಂಡಗಿದೆಯೇ ಎಂಬುದನ್ನು ಒಂದೇ ಅಂಕೆಯಲ್ಲಿ ಹೇಳಬಹುದು. ವಿಸ್ತೀರ್ಣವನ್ನು 4ರಿಂದಲೂ ಪೈನಿಂದಲೂ ಗುಣಿಸಿ, ಸುತ್ತಳತೆಯ ವರ್ಗದಿಂದ ಭಾಗಿಸಬೇಕು. ಪರಿಪೂರ್ಣ ವೃತ್ತಕ್ಕೆ ಈ ಅಂಕೆ 1, ಚೌಕಕ್ಕೆ ಸುಮಾರು 0.785. ವಾಷರ್‌ನ ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ಸುತ್ತಳತೆ ಹೆಚ್ಚಿ ಅಂಕೆ ಇಳಿಯುತ್ತದೆ. ಇಂತಹ ಕೆಲಸಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಇಂಟೆಲ್ ಸಂಸ್ಥೆಯು 1999ರಲ್ಲಿ ಆರಂಭಿಸಿದ 'ಓಪನ್ ಸಿವಿ' ಎಂಬ ಮುಕ್ತ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ವಾಣಿಜ್ಯ ಬಳಕೆಗೂ ಅದರಲ್ಲಿ ಅವಕಾಶವಿದೆ.

ಮೇಲ್ಮೈಯನ್ನು ಓದುವ ಬಗೆ

ಹೊರಗೆರೆಯನ್ನು ಅಳೆಯುವುದಕ್ಕಿಂತ ಮೇಲ್ಮೈಯನ್ನು ಓದುವುದು ಕಷ್ಟದ ಕೆಲಸ. ಗಾರೆ ಕೆಲಸದ ಮೇಸ್ತ್ರಿಯು ಗೋಡೆಯ ಗಿಲಾವು ಸಮನಾಗಿದೆಯೇ ಎಂದು ನೋಡಲು ದೀಪವನ್ನು ಗೋಡೆಯ ಪಕ್ಕದಿಂದ ಹಿಡಿಯುತ್ತಾನೆ. ಓರೆ ಬೆಳಕಿನಲ್ಲಿ ಸಣ್ಣ ಉಬ್ಬು ತಗ್ಗುಗಳೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಕ್ಯಾಮೆರಾ ಪರಿಶೀಲನೆಯ ತಳಹದಿಯೂ ಇದೇ. ಗೀರು, ತಗ್ಗುಗಳಿಗೆ ಓರೆ ಬೆಳಕು. ಹೊರಗೆರೆಯ ಅಳತೆಗೆ ವಸ್ತುವಿನ ಹಿಂದಿನಿಂದ ಬರುವ ಬೆಳಕು. ಹೊಳೆಯುವ ಲೋಹಕ್ಕೆ ಎಲ್ಲ ಕಡೆಯಿಂದ ಸಮನಾಗಿ ಹರಡಿದ ಬೆಳಕು.

ನೆರಳು-ಬೆಳಕಿನ ಏರಿಳಿತದಿಂದ ಮೇಲ್ಮೈಯ ಆಕಾರವನ್ನು ಗಣಿತದ ಮೂಲಕ ಕಂಡುಹಿಡಿಯುವ ಬಗೆಯನ್ನು ಬರ್ತೋಲ್ಡ್ ಹಾರ್ನ್ ಅವರು 1970ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ತಮ್ಮ ಪ್ರೌಢಪ್ರಬಂಧದಲ್ಲಿ ಮಂಡಿಸಿದರು. 1980ರಲ್ಲಿ ರಾಬರ್ಟ್ ವುಡ್‌ಹ್ಯಾಮ್ ಅವರು ಒಂದು ಹೆಜ್ಜೆ ಮುಂದೆ ಹೋದರು. ಅವರ ವಿಧಾನದಲ್ಲಿ ಕ್ಯಾಮೆರಾವೂ ವಸ್ತುವೂ ಕದಲುವುದಿಲ್ಲ. ಬೇರೆ ಬೇರೆ ದಿಕ್ಕಿನ ಕನಿಷ್ಠ ಮೂರು ದೀಪಗಳನ್ನು ಒಂದಾದ ಮೇಲೊಂದರಂತೆ ಬೆಳಗಿಸಿ ಮೂರು ಚಿತ್ರಗಳನ್ನು ತೆಗೆಯಲಾಗುತ್ತದೆ. ದೀಪದ ಕಡೆಗೆ ವಾಲಿದ ಭಾಗ ಬೆಳ್ಳಗೆ, ವಿಮುಖವಾದ ಭಾಗ ಕಪ್ಪಗೆ ಕಾಣುತ್ತದೆ. ಈ ಮೂರು ಅಂಕೆಗಳಿಂದ ಪ್ರತಿಯೊಂದು ಬಿಂದುವಿನ ಓರೆಯನ್ನು ಲೆಕ್ಕ ಹಾಕಬಹುದು.

ಇದರ ಪ್ರಯೋಜನವನ್ನು ಬೆಳಗಾವಿಯ ಫೌಂಡ್ರಿ ಮಾಲೀಕರು ಸುಲಭವಾಗಿ ಗ್ರಹಿಸಬಲ್ಲರು. ಎರಕದ ಮೇಲೆ ಬಿದ್ದ ಎಣ್ಣೆಯ ಕಲೆಯೂ ಬ್ಲೋಹೋಲ್‌ನ ತಗ್ಗೂ ಒಂದೇ ಚಿತ್ರದಲ್ಲಿ ಕಪ್ಪು ಮಚ್ಚೆಗಳಾಗಿಯೇ ಕಾಣುತ್ತವೆ. ಆದರೆ ಕಲೆಯು ಮೂರೂ ದೀಪಗಳಲ್ಲಿ ಕಪ್ಪಾಗಿಯೇ ಉಳಿಯುತ್ತದೆ. ತಗ್ಗಿನ ನೆರಳು ದೀಪದೊಂದಿಗೆ ಜಾಗ ಬದಲಿಸುತ್ತದೆ. ಒರೆಸಿದರೆ ಹೋಗುವ ಕಲೆಗಾಗಿ ಒಳ್ಳೆಯ ಎರಕವನ್ನು ಕುಲುಮೆಗೆ ಮರಳಿಸುವ ನಷ್ಟ ಇದರಿಂದ ತಪ್ಪುತ್ತದೆ. ಆದರೆ ಕನ್ನಡಿಯಂತೆ ಹೊಳೆಯುವ ಮೇಲ್ಮೈಗೆ ಮೂಲ ವಿಧಾನವು ಸರಿಯಾಗಿ ಹೊಂದುವುದಿಲ್ಲ. ಎತ್ತರವನ್ನೇ ನೇರವಾಗಿ ಅಳೆಯಬೇಕಾದರೆ ಲೇಸರ್ ಗೆರೆಯೊಂದನ್ನು ಓರೆಯಾಗಿ ಬೀರುತ್ತಾರೆ. ಉಬ್ಬು ತಗ್ಗುಗಳಿದ್ದಲ್ಲಿ ಆ ಗೆರೆ ಬಾಗುತ್ತದೆ, ಬಾಗಿದ ಪ್ರಮಾಣದಿಂದ ತ್ರಿಕೋನದ ಲೆಕ್ಕದಂತೆ ಎತ್ತರ ದೊರೆಯುತ್ತದೆ.

ಕೊಳ್ಳುವ ಮುನ್ನ ಎರಡು ಗುಣಾಕಾರ

ಮಾರಾಟಗಾರರ ಮಾತನ್ನು ಪರೀಕ್ಷಿಸಲು ಉದ್ದಿಮೆದಾರರು ತಾವೇ ಎರಡು ಲೆಕ್ಕಗಳನ್ನು ಮಾಡಬಹುದು. ಉದಾಹರಣೆಗೆ, ಕ್ಯಾಮೆರಾದ ಅಗಲ 2,448 ಪಿಕ್ಸೆಲ್, ನೋಡಬೇಕಾದ ಜಾಗದ ಅಗಲ 120 ಮಿ.ಮೀ. ಎಂದಿಟ್ಟುಕೊಳ್ಳೋಣ. ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 0.05 ಮಿ.ಮೀ. ದೋಷವೊಂದು ಕನಿಷ್ಠ 3 ಪಿಕ್ಸೆಲ್‌ನಷ್ಟಾದರೂ ಇರಬೇಕೆಂದು ಇಟ್ಟುಕೊಂಡರೆ, 0.15 ಮಿ.ಮೀ.ಗಿಂತ ಸಣ್ಣ ಬಿರುಕನ್ನು ಈ ಕ್ಯಾಮೆರಾ ನಂಬುವಂತೆ ತೋರಿಸಲಾರದು.

ಎರಡನೆಯದು ವೇಗದ ಲೆಕ್ಕ. ಕನ್ವೇಯರ್ ಸೆಕೆಂಡಿಗೆ 200 ಮಿ.ಮೀ. ಸಾಗುತ್ತಿದ್ದು, ಚಿತ್ರ ತೆಗೆಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಹಿಡಿದರೆ ಅಷ್ಟರಲ್ಲಿ ವಸ್ತುವು 0.2 ಮಿ.ಮೀ., ಅಂದರೆ 4 ಪಿಕ್ಸೆಲ್ ಸರಿದಿರುತ್ತದೆ. ಬಿರುಕು ಚಿತ್ರದಲ್ಲಿ ಅಳಿಸಿಹೋಗುತ್ತದೆ. ಸಮಯವನ್ನು ಕಾಲುಭಾಗಕ್ಕೆ ಇಳಿಸಬೇಕು, ಅದಕ್ಕೆ ತಕ್ಕಂತೆ ಬೆಳಕನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಆದ್ದರಿಂದ ಕೊಟೇಶನ್‌ನಲ್ಲಿ ಕ್ಯಾಮೆರಾದ ಬೆಲೆಯನ್ನು ಮಾತ್ರ ನೋಡದೆ ದೀಪ, ಮಸೂರ, ಹೊರಗಿನ ಬೆಳಕನ್ನು ತಡೆಯುವ ಪೆಟ್ಟಿಗೆ ಇವುಗಳ ಬೆಲೆಯನ್ನೂ ನೋಡಬೇಕು.

ಕಲಿಯುವ ತಂತ್ರಾಂಶ

ಮೇಲಿನ ವಿಧಾನಗಳಲ್ಲಿ ದೋಷದ ಲಕ್ಷಣವನ್ನು ಮನುಷ್ಯನೇ ಹೇಳಿಕೊಡಬೇಕು. 2012ರ ನಂತರ ಚಿತ್ರಗಳನ್ನು ತೋರಿಸಿ ಗಣಕಯಂತ್ರಕ್ಕೆ ಕಲಿಸುವ ಪದ್ಧತಿ ವೇಗವಾಗಿ ಬೆಳೆಯಿತು. ಇಲ್ಲಿ ಸಣ್ಣ ಕಾರ್ಖಾನೆಗೆ ಒಂದು ತೊಡಕಿದೆ: ಒಳ್ಳೆಯ ಮಾಲಿನ ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ದೋಷದ ಮಾದರಿಗಳು ಸಾಕಷ್ಟು ಸಿಗುವುದಿಲ್ಲ. ಇದಕ್ಕಾಗಿ ಒಳ್ಳೆಯ ಮಾಲಿನ ಚಿತ್ರಗಳಿಂದ ಮಾತ್ರ ಕಲಿತು, ಅದಕ್ಕೆ ಹೊಂದದ್ದನ್ನೆಲ್ಲ ಪ್ರತ್ಯೇಕಿಸುವ ವಿಧಾನಗಳು ಬಂದಿವೆ. ಜರ್ಮನಿಯ ಎಂ.ವಿ.ಟೆಕ್ ಸಂಸ್ಥೆಯು 2019ರಲ್ಲಿ 15 ಬಗೆಯ ವಸ್ತುಗಳ 5,000ಕ್ಕೂ ಹೆಚ್ಚು ಚಿತ್ರಗಳ ಸಂಗ್ರಹವನ್ನು ಇಂತಹ ವಿಧಾನಗಳ ಪರೀಕ್ಷೆಗೆಂದೇ ಪ್ರಕಟಿಸಿತು. ಆದರೆ ಆ ಸಂಗ್ರಹದಲ್ಲಿ ಪಡೆದ ಅಂಕವು ನಮ್ಮ ಕಾರ್ಖಾನೆಯ ಧೂಳು, ಎಣ್ಣೆ, ಕಂಪನಗಳ ನಡುವಿನ ಅಂಕವಲ್ಲ. ನಮ್ಮ ಮಾಲಿನ ಮೇಲೆಯೇ ಪರೀಕ್ಷೆ ನಡೆಯಬೇಕು.

ಶೇ. 99ರ ಒಳಗುಟ್ಟು

ಈಗ ಮುಖ್ಯ ವಿಷಯಕ್ಕೆ ಬರೋಣ. ದಿನಕ್ಕೆ 10,000 ಬಿಡಿಭಾಗಗಳು ತಯಾರಾಗುತ್ತವೆ, ಅವುಗಳಲ್ಲಿ ಶೇ. 1, ಅಂದರೆ 100 ದೋಷಯುಕ್ತ ಎಂದು ಭಾವಿಸೋಣ. ಏನನ್ನೂ ನೋಡದೆ ಎಲ್ಲವನ್ನೂ 'ಸರಿ' ಎಂದು ಕಳುಹಿಸುವ ಯಂತ್ರವೂ 9,900 ಬಾರಿ ಸರಿಯಾದ ತೀರ್ಪನ್ನೇ ನೀಡಿರುತ್ತದೆ. ಅದರ ನಿಖರತೆ ಶೇ. 99! ಉಪಯೋಗ ಮಾತ್ರ ಶೂನ್ಯ.

ಇನ್ನೊಂದು ಯಂತ್ರವು 100 ದೋಷಗಳಲ್ಲಿ 98ನ್ನು ಹಿಡಿಯುತ್ತದೆ, ಆದರೆ ಒಳ್ಳೆಯ ಮಾಲಿನಲ್ಲಿ ಶೇ. 3ನ್ನು ತಪ್ಪಾಗಿ ತಿರಸ್ಕರಿಸುತ್ತದೆ ಎನ್ನೋಣ. 9,900ರ ಶೇ. 3 ಎಂದರೆ 297. ತಿರಸ್ಕೃತ ಪೆಟ್ಟಿಗೆಯಲ್ಲಿ 395 ಭಾಗಗಳಿರುತ್ತವೆ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಒಳ್ಳೆಯವೇ. ಈ ಯಂತ್ರದ ನಿಖರತೆ ಶೇ. 97 ಮಾತ್ರ, ಆದರೂ ನಿಜವಾಗಿ ಕೆಲಸಕ್ಕೆ ಬರುವುದು ಇದೇ. ಆದ್ದರಿಂದ ಮಾರಾಟಗಾರರನ್ನು ಒಂದು ಅಂಕಿಯಲ್ಲ, ಎರಡು ಅಂಕಿಗಳನ್ನು ಕೇಳಬೇಕು: ನೂರು ದೋಷಗಳಲ್ಲಿ ಎಷ್ಟು ತಪ್ಪಿಸಿಕೊಳ್ಳುತ್ತವೆ? ನೂರು ಒಳ್ಳೆಯವುಗಳಲ್ಲಿ ಎಷ್ಟು ತಿರಸ್ಕೃತವಾಗುತ್ತವೆ?

ಒಂದು ಭಾಗದ ತಯಾರಿಕಾ ವೆಚ್ಚ 40 ರೂ. ಆದರೆ, 297 ಒಳ್ಳೆಯ ಭಾಗಗಳನ್ನು ಗುಜರಿಗೆ ಹಾಕುವುದರಿಂದ ಗುಜರಿಯ ಬೆಲೆ ಕಳೆಯುವ ಮುನ್ನ ದಿನವೊಂದಕ್ಕೆ 11,880 ರೂ. ನಷ್ಟ. ಬದಲಿಗೆ ಅಕ್ಕಿ ಗಿರಣಿಯವರಂತೆ ತಿರಸ್ಕೃತ ಪೆಟ್ಟಿಗೆಯನ್ನು ಮತ್ತೊಮ್ಮೆ ನೋಡಿಸಬೇಕು. ಭಾಗವೊಂದಕ್ಕೆ 15 ಸೆಕೆಂಡಿನಂತೆ 395 ಭಾಗಗಳಿಗೆ ಒಂದು ಗಂಟೆ ನಲವತ್ತು ನಿಮಿಷ ಸಾಕು. ಎಲ್ಲ 10,000 ಭಾಗಗಳನ್ನು 6 ಸೆಕೆಂಡಿನಂತೆ ಕೈಯಿಂದ ನೋಡಲು 16 ಗಂಟೆ 40 ನಿಮಿಷ ಬೇಕಾಗುತ್ತಿತ್ತು. ಯಂತ್ರದ ನಿಜವಾದ ಉಳಿತಾಯವಿರುವುದು ಇಲ್ಲಿ.

ಇದರಿಂದ ಮತ್ತೊಂದು ಮಾತೂ ಸ್ಪಷ್ಟವಾಗುತ್ತದೆ. ವರ್ಷಗಟ್ಟಲೆ ಮಾಲನ್ನು ಕೈಯಲ್ಲಿ ಹಿಡಿದು ನೋಡಿದ ಅನುಭವಿ ಕೆಲಸಗಾರರನ್ನು ಯಂತ್ರ ಬಂದ ದಿನವೇ ಮನೆಗೆ ಕಳುಹಿಸುವುದು ಅವರಿಗೂ ಅನ್ಯಾಯ, ಉದ್ದಿಮೆಗೂ ನಷ್ಟ. ಯಾವುದು ಕಲೆ, ಯಾವುದು ಬಿರುಕು ಎಂದು ಯಂತ್ರಕ್ಕೆ ಮಾದರಿ ಆರಿಸಿಕೊಡುವವರೂ, ತಿರಸ್ಕೃತ ಪೆಟ್ಟಿಗೆಗೆ ಅಂತಿಮ ತೀರ್ಪು ನೀಡುವವರೂ ಅವರೇ ಆಗಬೇಕು.

ತೆರಿಗೆಯ ದೃಷ್ಟಿ

1961ರ ಆದಾಯ ತೆರಿಗೆ ಕಾಯಿದೆಯಡಿ ರಚಿತವಾದ ನಿಯಮಗಳು ಗಣಕಯಂತ್ರ ಮತ್ತು ತಂತ್ರಾಂಶಗಳಿಗೆ ಶೇ. 40, ಸಾಮಾನ್ಯ ಯಂತ್ರಗಳಿಗೆ ಶೇ. 15 ಸವಕಳಿ ದರವನ್ನು ನಿಗದಿಪಡಿಸಿದ್ದವು. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅರ್ಧ ದರ ಮಾತ್ರ. 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾಗಿರುವುದರಿಂದ ಖರೀದಿಯ ವರ್ಷಕ್ಕೆ ಅನ್ವಯಿಸುವ ನಿಯಮವನ್ನು ನೋಡಿಕೊಳ್ಳಬೇಕು. ಇಡೀ ವ್ಯವಸ್ಥೆಯನ್ನು ಒಂದೇ ಸಾಲಿನಲ್ಲಿ ಬಿಲ್ ಮಾಡಿಸಿದರೆ ವರ್ಗೀಕರಣದ ಪ್ರಶ್ನೆ ಏಳುತ್ತದೆ. ಗಣಕಯಂತ್ರ, ತಂತ್ರಾಂಶ, ಕ್ಯಾಮೆರಾ, ಕನ್ವೇಯರ್‌ಗಳ ಬೆಲೆಯನ್ನು ಬಿಡಿಬಿಡಿಯಾಗಿ ನಮೂದಿಸಿಕೊಳ್ಳುವುದು ಉತ್ತಮ. ಜಿ.ಎಸ್.ಟಿ. ಮೊತ್ತದ ಮೇಲೆ ಸವಕಳಿ ಪಡೆದರೆ ಅದೇ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲವೆಂಬುದನ್ನೂ ಮರೆಯಬಾರದು.

ಚಿತ್ರವೇ ದಾಖಲೆ

ಮಾರಾಟಗಾರರು ಹೆಚ್ಚಾಗಿ ಹೇಳದ ಒಂದು ಲಾಭವಿದೆ. ಪ್ರತಿಯೊಂದು ಭಾಗದ ಚಿತ್ರವು ದಿನಾಂಕ, ಲಾಟ್ ಸಂಖ್ಯೆಯೊಂದಿಗೆ ಉಳಿಯುತ್ತದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ ಪ್ರಕಾರ ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ಮಾಲು ತಲುಪಿದ ದಿನವೇ ಅದನ್ನು ಸ್ವೀಕರಿಸಿದಂತೆ ಭಾವಿಸಲಾಗುತ್ತದೆ. ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುತ್ತದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ದೊರೆತ ಈ ರಕ್ಷಣೆಯು ದೋಷದ ಬಗೆಗಿನ ವಾದದಲ್ಲಿಯೇ ಸೊರಗುವುದುಂಟು. 'ಬಿರುಕು ನಿಮ್ಮಲ್ಲಿಂದಲೇ ಬಂದಿತ್ತು' ಎಂಬ ಮಾತಿಗೆ ರವಾನೆಯ ದಿನದ ಚಿತ್ರಕ್ಕಿಂತ ಉತ್ತಮ ಉತ್ತರವಿಲ್ಲ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಚಿತ್ರಗಳನ್ನು ತಿದ್ದಲಾಗದಂತೆ, ಕ್ರಮಬದ್ಧವಾಗಿ ಶೇಖರಿಸುವ ಏರ್ಪಾಡನ್ನು ಖರೀದಿಯ ಷರತ್ತಿನಲ್ಲಿಯೇ ಸೇರಿಸಬೇಕು.

ಉಪಸಂಹಾರ

ಮೊದಲು ಕಳೆದ ಹನ್ನೆರಡು ತಿಂಗಳ ಡೆಬಿಟ್ ನೋಟ್‌ಗಳನ್ನು ಒಂದೆಡೆ ಸೇರಿಸಿ, ದೋಷದ ಬಗೆಗೆ ಅನುಗುಣವಾಗಿ ವಿಂಗಡಿಸಿ. ಅವುಗಳಲ್ಲಿ ಕಣ್ಣಿಗೆ ಕಾಣುವ ದೋಷಗಳೆಷ್ಟು, ಒಳಗಿನ ದೋಷಗಳೆಷ್ಟು ಎಂದು ನೋಡಿ. ಎರಕದ ಒಳಗಿನ ಪೊಳ್ಳನ್ನು ಯಾವ ಕ್ಯಾಮೆರಾವೂ ತೋರಿಸಲಾರದು. ನಂತರ ನಿಮ್ಮ ಕೆಲಸಗಾರರೇ ವಿಂಗಡಿಸಿದ, ಒಳ್ಳೆಯದು-ಕೆಟ್ಟದ್ದು ಎರಡೂ ಇರುವ ಮಾದರಿ ಲಾಟೊಂದನ್ನು ಮಾರಾಟಗಾರರಿಗೆ ಕೊಟ್ಟು ಪರೀಕ್ಷೆ ನಡೆಸಿ, ಆ ಎರಡು ಅಂಕಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊನೆಯ ಕಂತಿನ ಪಾವತಿಯನ್ನು ಆ ಅಂಕಿಗಳಿಗೆ ಬದ್ಧಗೊಳಿಸಿ. ವಾರ್ಷಿಕ ಉಳಿತಾಯದಿಂದ ಒಟ್ಟು ಹೂಡಿಕೆಯನ್ನು ಭಾಗಿಸಿದಾಗ ಬರುವ ವರ್ಷಗಳ ಸಂಖ್ಯೆ ನಿಮ್ಮ ಆರ್ಡರಿನ ಅವಧಿಗಿಂತ ಹೆಚ್ಚಾಗಿದ್ದರೆ ಖರೀದಿಯನ್ನು ಮುಂದೂಡಿ, ಸದ್ಯಕ್ಕೆ ಪರಿಶೀಲನಾ ಮೇಜಿನ ಮೇಲೆ ಒಂದು ಒಳ್ಳೆಯ ಓರೆ ದೀಪವನ್ನು ಹಾಕಿಸಿ. ಎಷ್ಟೋ ಕಡೆ ಅಷ್ಟರಿಂದಲೇ ಗಮನಾರ್ಹ ಸುಧಾರಣೆಯಾದೀತು.