ವೃತ್ತಿನಿಮಿತ್ತವಾದ ಸ್ಥಾನಾಂತರವೂ ವಾಸಯೋಗ್ಯತೆಯೂ

ಉದ್ಯೋಗನಿಮಿತ್ತವಾಗಿ ಒಂದು ಸೀಮೆಯನ್ನು ಬಿಟ್ಟು ಇನ್ನೊಂದು ಸೀಮೆಯಲ್ಲಿ ನೆಲಸುವವನು ಮೊದಲು ವಿಚಾರಿಸತಕ್ಕದ್ದು ಸಂಬಳವನ್ನೋ, ಊರಿನ ವಾಸಯೋಗ್ಯತೆಯನ್ನೋ ಎಂಬ ಪ್ರಶ್ನೆಯು ಹೊಸದಲ್ಲ. ಚಾಣಕ್ಯನ ಹೆಸರಿನಿಂದ ಪ್ರಚಾರದಲ್ಲಿರುವ ನೀತಿಸಂಗ್ರಹವು ಧನಿಕ, ಶ್ರೋತ್ರಿಯ, ರಾಜ, ನದಿ, ವೈದ್ಯ ಎಂಬ ಐದು ಇಲ್ಲದ ಊರನ್ನು ವಾಸಕ್ಕೆ ತಕ್ಕುದಲ್ಲವೆಂದು ಎಣಿಸುತ್ತದೆ. ಈ ಪದಗಳನ್ನು ವಾಚ್ಯಾರ್ಥದಲ್ಲಿಯೇ ನಿಲ್ಲಿಸದೆ ಲಕ್ಷಣೆಯಿಂದ ಗ್ರಹಿಸಿದರೆ ಜೀವನೋಪಾಯ, ವಿದ್ಯೆ, ಆಡಳಿತದ ರಕ್ಷಣೆ, ನೀರು, ಚಿಕಿತ್ಸೆ ಎಂಬ ಅರ್ಥಗಳು ದೊರೆಯುವುವು. ಈಗಿನ ಅರ್ಥಶಾಸ್ತ್ರಜ್ಞರು ಜೀವನಮಟ್ಟವೆಂದು ಅಳೆಯುವುದೂ ಬಹುಮಟ್ಟಿಗೆ ಇವುಗಳನ್ನೇ.

ಕರ್ಣಾಟಕದಲ್ಲಿ ಇಂತಹ ಅಳತೆಗೆ ಪ್ರಸಿದ್ಧವಾದ ಉದಾಹರಣೆಯು ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು 2002 ರಲ್ಲಿ ಒಪ್ಪಿಸಿದ ವರದಿಯಾಗಿದೆ. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಪರೀಕ್ಷಿಸಿ, 114 ಹಿಂದುಳಿದಿರುವುವೆಂದು ಸಮಿತಿಯು ನಿರ್ಣಯಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗಕ್ಕೂ, 11 ಬೆಂಗಳೂರು ವಿಭಾಗಕ್ಕೂ, 5 ಬೆಳಗಾವಿ ವಿಭಾಗಕ್ಕೂ, 2 ಮೈಸೂರು ವಿಭಾಗಕ್ಕೂ ಸೇರಿದ್ದುವು. ಉತ್ತರದ ಕೊರತೆಯು ಇದರಿಂದ ಸ್ಪಷ್ಟವಾದರೂ, ಬೆಂಗಳೂರು ವಿಭಾಗವೇ ಎರಡನೆಯ ಸ್ಥಾನದಲ್ಲಿರುವುದು ಗಮನಾರ್ಹವು. ಸೀಮೆಯ ಹೆಸರನ್ನು ಮಾತ್ರ ಕೇಳಿ ಊರಿನ ಗುಣವನ್ನು ನಿರ್ಣಯಿಸಲಾಗದೆಂಬುದು ಇದರ ತಾತ್ಪರ್ಯ.

ಈ ಮಾತಿಗೆ ಬೆಳಗಾವಿ ಮತ್ತು ಖಾನಾಪುರಗಳೇ ಸಾಕ್ಷಿ. ಎರಡಕ್ಕೂ ನಡುವಣ ಅಂತರವು ಸುಮಾರು 26 ಕಿಲೋಮೀಟರು, ಜಿಲ್ಲೆಯೂ ಒಂದೇ. ವರ್ಗವಾಗಿ ಬಂದ ಗೃಹಸ್ಥನೊಬ್ಬನು ಬೆಳಗಾವಿಯ ಹೊಸ ಬಡಾವಣೆಯಾದ ರಾಮತೀರ್ಥ ನಗರದಲ್ಲಿ ಮನೆಮಾಡಿದರೆ, 1916 ರಲ್ಲಿ ಸ್ಥಾಪಿತವಾದ ಕರ್ಣಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಶಾಲೆ ಕಾಲೇಜುಗಳೂ, 1963 ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ, 1998 ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಅದೇ ಊರಿನಲ್ಲಿಯೇ ಅವನಿಗೆ ದೊರೆಯುವುವು. ಖಾನಾಪುರ ತಾಲ್ಲೂಕಿನ ಅಡವಿಯ ಹಳ್ಳಿಗೆ ಹೋದವನಿಗೆ ವಿಷಯವೇ ಬೇರೆ. ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟುವುದು ಆ ತಾಲ್ಲೂಕಿನಲ್ಲಿಯೇ; ಮಹಾದಾಯಿಯ ಉಗಮವೂ ಅಲ್ಲಿಯೇ. ಹೀಗೆ ನೀತಿಕಾರನು ಬಯಸಿದ ನದಿಯು ಸಮೃದ್ಧವಾಗಿದೆ. ಆದರೆ ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಆ ನೀರೇ ವೈದ್ಯನಿಗೂ ರೋಗಿಗೂ ಮಧ್ಯೆ ಅಡ್ಡವಾಗುವುದು. ಬೆಳಗಾವಿಯಾದರೋ ರಾಕಸಕೊಪ್ಪದಿಂದಲೂ ಹಿಡಕಲ್ಲಿನಿಂದಲೂ ನೀರನ್ನು ತರಿಸಿಕೊಳ್ಳುತ್ತದೆ. 1924 ರ ಕಾಂಗ್ರೆಸ್ ಮಹಾಧಿವೇಶನಕ್ಕಾಗಿ ಅಲ್ಲಿ ಬಾವಿಯನ್ನೇ ತೋಡಬೇಕಾಯಿತು. ಆದುದರಿಂದ ಒಂದು ವಸ್ತುವು ಸಮೀಪದಲ್ಲಿ ಇರುವುದೇ ಬೇರೆ, ಅದು ಬೇಕಾದಾಗ ಒದಗುವುದೇ ಬೇರೆ.

ಸರ್ಕಾರವು ಈ ಭೇದವನ್ನು ಹೇಗೆ ಎಣಿಸುತ್ತದೆಂಬುದು ವಿಚಾರಣೀಯವು. ಕೇಂದ್ರ ಸರ್ಕಾರದ ನೌಕರರ ಮನೆಬಾಡಿಗೆ ಭತ್ಯವು ಊರಿನ ಜನಸಂಖ್ಯೆಯನ್ನು ಅನುಸರಿಸಿ ಮೂರು ತರಗತಿಗಳಾಗಿದೆ. 2024 ರ ಜನವರಿಯಿಂದ ಮೂಲವೇತನದ ಮೇಲೆ ಬೆಂಗಳೂರಿಗೆ ಶೇಕಡ 30, ಬೆಳಗಾವಿಗೆ ಶೇಕಡ 20, ಖಾನಾಪುರದಂತಹ ಊರುಗಳಿಗೆ ಶೇಕಡ 10 ಎಂದಾಯಿತು. ಬಾಡಿಗೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಮಗನನ್ನು ಓದಿಗಾಗಿ ಬೇರೆ ಊರಿನಲ್ಲಿಡುವ ವೆಚ್ಚವನ್ನೂ, ರೋಗಿಯನ್ನು ಬೆಳಗಾವಿಗೆ ಒಯ್ಯುವ ವೆಚ್ಚವನ್ನೂ ಬಾಡಿಗೆಯು ಅಳೆಯಲಾರದು. ವಿದ್ಯೆಯೂ ವೈದ್ಯನೂ ದೂರವಿರುವಲ್ಲಿಯೇ ಈ ಭತ್ಯವು ಕಡಮೆಯಾಗುವುದು. ಅಂತಹ ಊರಿಗೆ ಹೋಗಲು ನುರಿತವರು ಹಿಂಜರಿಯುವರು. ಅವರು ಹಿಂಜರಿದಷ್ಟೂ ಊರಿನ ಕೊರತೆಯು ಬೆಳೆಯುವುದು. ಈ ಚಕ್ರದಲ್ಲಿ ನಷ್ಟವನ್ನು ಅನುಭವಿಸುವವರು ಎರಡು ವರ್ಷವಿದ್ದು ಹೋಗುವ ನೌಕರರಲ್ಲ, ಅಲ್ಲಿಯೇ ಹುಟ್ಟಿ ಬಾಳುವ ಜನರು.

ನೀತಿಕಾರನ ಐದಕ್ಕೆ ಈ ಗಡಿನಾಡಿನಲ್ಲಿ ಭಾಷೆಯೆಂಬ ಆರನೆಯದನ್ನು ಸೇರಿಸಬೇಕು. 1956 ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ನಾಡಿನಲ್ಲಿ ಕನ್ನಡವೂ ಮರಾಠಿಯೂ ಜೊತೆಯಾಗಿ ಬಳಕೆಯಲ್ಲಿವೆ. ಮೈಸೂರು ಸೀಮೆಯಿಂದ ಬಂದವನು ‘ಆಸ್ಪತ್ರೆ’ಯೆಂದರೆ ಇಲ್ಲಿಯವನು ‘ದವಾಖಾನಿ’ ಎನ್ನುವನು. ಅವನ ‘ಶಾಲೆ’ಯು ಇಲ್ಲಿ ‘ಸಾಲಿ’. ಕನ್ನಡವೇ ಆದರೂ ಕಿವಿಯು ಪಳಗಲು ಕೆಲವು ದಿನಗಳು ಬೇಕು; ನೆರೆಯವರೊಡನೆ ಬಾಳಲು ಕೊಂಚ ಮರಾಠಿಯೂ ಬೇಕು.

ಇದರಿಂದ ಸಿದ್ಧವಾಗುವುದೇನೆಂದರೆ, ವಾಸಯೋಗ್ಯತೆಯು ಸೀಮೆಗೆ ಅಂಟಿದ ಸ್ವಭಾವವಲ್ಲ. ಆರು ಅಂಗಗಳೂ ತಕ್ಕ ಸಮಯದಲ್ಲಿ ಕೈಗೆಟಕುವುದರಿಂದ ಉಂಟಾಗುವ ಗುಣವು. ಇಲ್ಲದ ಊರನ್ನು ಬಿಡೆಂದು ಪ್ರಾಚೀನರು ಪ್ರಯಾಣಿಕನಿಗೆ ಹೇಳಿದರು. ಇಲ್ಲದುದನ್ನು ಆ ಊರಿಗೆ ಒದಗಿಸೆಂಬುದು ರಾಜನಿಗೆ ಹೇಳತಕ್ಕ ಮಾತು.