ಕ್ಲಚ್ಚಿನ ಸದ್ದು ಮತ್ತು ಅದರ ನಿದಾನ

ಪುಣೆಯಿಂದ ಸಾತಾರೆಯತ್ತ ಸಾಗುವ ಹಳೆಯ ಕಾತ್ರಜ ಘಾಟಿನಲ್ಲಿ ವಾಹನಗಳು ನಿಂತು ನಿಂತು ಏರುವಾಗ ಚಾಲಕನ ಎಡಗಾಲಿಗೆ ಬಿಡುವಿಲ್ಲ. ಮುಂದೆ ಕೇಳಿಬರುವ ಕ್ಲಚ್ಚಿನ ಸದ್ದಿಗೆ ಇಲ್ಲಿಯೇ ಬೀಜವಿರುವುದುಂಟು.

ಎಂಜಿನ್ನಿನ ತಿರುಗುವಿಕೆಯನ್ನು ಗಿಯರ್‌ಬಾಕ್ಸಿಗೆ ಕೂಡಿಸುವುದೂ ಬಿಡಿಸುವುದೂ ಕ್ಲಚ್ಚಿನ ಕೆಲಸ. ಅದನ್ನು ಕಣ್ಣಾರೆ ನೋಡಬೇಕಾದರೆ ಸಾಮಾನ್ಯವಾಗಿ ಗಿಯರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಅದು ವೆಚ್ಚದ ಕೆಲಸ. ಆದುದರಿಂದ ಬಿಚ್ಚುವುದಕ್ಕೆ ಮೊದಲು ಕಿವಿಗೊಡುವುದು ಲೇಸು.

ಸಮನೆಲದಲ್ಲಿ ಹ್ಯಾಂಡ್‌ಬ್ರೇಕು ಹಾಕಿ, ಗಿಯರನ್ನು ನ್ಯೂಟ್ರಲ್ಲಿನಲ್ಲಿಟ್ಟು ಎಂಜಿನ್ನನ್ನು ನಡೆಸಬೇಕು. ಪೆಡಲನ್ನು ತುಳಿದೊಡನೆ ಸದ್ದು ಹುಟ್ಟಿದರೆ ದೋಷವು ಬಹುಮಟ್ಟಿಗೆ ರಿಲೀಸ್ ಬೇರಿಂಗಿನದು. ಭಾರವು ಅದರ ಮೇಲೆ ಬೀಳುವುದು ಆಗಲೇ. ಕಾಲೆತ್ತಿದಾಗ ಕೇಳಿಸುವ ಸದ್ದು ತುಳಿದಾಗ ಅಡಗಿದರೆ, ಸಂದೇಹವು ಗಿಯರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನತ್ತ ತಿರುಗಬೇಕು. ಏಕೆಂದರೆ ತುಳಿದಾಗ ಆ ಶಾಫ್ಟು ತಿರುಗುವುದನ್ನು ನಿಲ್ಲಿಸುತ್ತದೆ. ವಾಹನವು ಹೊರಡುವಾಗ ಮಾತ್ರ ನಡುಕದೊಡನೆ ಸದ್ದಾದರೆ, ಕ್ಲಚ್ ಪ್ಲೇಟಿನ ಸವೆತವೋ ಅದಕ್ಕೆ ತಗುಲಿದ ಎಣ್ಣೆಯೋ ಕಾರಣವಾಗಿರಬಹುದು.

ರಿಲೀಸ್ ಬೇರಿಂಗು ಸ್ವಲ್ಪ ಹೊತ್ತಿನ ಭಾರಕ್ಕೆಂದು ಮಾಡಿದ ವಸ್ತು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಘಾಟು ಏರುವವನು ಅದನ್ನು ತಾನೇ ಸವೆಸುತ್ತಾನೆ. ಬೇರಿಂಗು ಹೊಸದಾದರೂ ಅಭ್ಯಾಸವು ಹಳೆಯದೇ ಆಗಿದ್ದರೆ, ಹೋದ ಸದ್ದು ಮರಳಿ ಬರುವುದರಲ್ಲಿ ಆಶ್ಚರ್ಯವಿಲ್ಲ.