ಮೇಲೆ ಮಿರುಗುವ ಫೈಬರ್, ಒಳಗೆ ಕುಂಬು ಹಿಡಿದ ಮರ
ಉಜನಿ ಹಿನ್ನೀರಿನ ಹಳೆಯ ದೋಣಿಗಳನ್ನು ಕೊಳ್ಳುವವರಿಗೂ ಹತ್ತುವವರಿಗೂ ಗೊತ್ತಿರಬೇಕಾದ ಸಂಗತಿ

ಬಾರಾಮತಿ: ಬಾರಾಮತಿಯ ಕನ್ನಡಿಗರ ಮನೆಗೆ ಚಳಿಗಾಲದಲ್ಲಿ ಊರಿನಿಂದ ನೆಂಟರಿಷ್ಟರು ಬಂದರೆ ಮೋರ್ಗಾಂವ್ ಗಣಪತಿಯ ದರ್ಶನದ ಬಳಿಕ ಕರೆದೊಯ್ಯುವ ಜಾಗ ಸಾಮಾನ್ಯವಾಗಿ ಭಿಗವಣ. ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ರಾಜಹಂಸಗಳನ್ನು ತೋರಿಸಲು ಅಲ್ಲಿನ ಮೀನುಗಾರರು ದೋಣಿ ಬಿಡುತ್ತಾರೆ. 1980ರಲ್ಲಿ ಪೂರ್ಣಗೊಂಡ, ಸುಮಾರು 117 ಟಿಎಂಸಿ ನೀರು ಹಿಡಿಯುವ ಈ ಅಣೆಕಟ್ಟು ಭೀಮಾ ನದಿಯದು. ಇದೇ ನೀರು ಮುಂದೆ ಸೊಲ್ಲಾಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಮುಟ್ಟಿ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಹಾಗಾಗಿ ಇದು ನಮಗೆ ತೀರಾ ಪರಕೀಯ ನೀರೇನಲ್ಲ.

ಈ ನೀರಿನ ಅಪಾಯವೂ ಚಿಕ್ಕದಲ್ಲ. 2024ರ ಮೇ 21ರ ಸಂಜೆ ಕರಮಾಳಾ ತಾಲೂಕಿನ ಕುಗಾಂವ್‌ನಿಂದ ಇಂದಾಪುರ ತಾಲೂಕಿನ ಕಳಶಿಗೆ ಹೊರಟ ದೋಣಿ ಬಿರುಗಾಳಿಗೆ ಮಗುಚಿ 6 ಮಂದಿ ಜೀವ ಕಳೆದುಕೊಂಡರು. ಅಂದು ಕಾರಣವಾದದ್ದು ಗಾಳಿ, ಮರದ ಕುಂಬಲ್ಲ. ಆದರೆ ಅಂಥ ಗಾಳಿ ಎದ್ದಾಗ ದಡ ಸೇರಿಸಬೇಕಾದದ್ದು ಎಂಜಿನ್. ಆ ಎಂಜಿನ್ ಹೊತ್ತ ಹಲಗೆಯೇ ಒಳಗೊಳಗೆ ಕೊಳೆತಿದ್ದರೆ? ಈ ಪ್ರಶ್ನೆಯನ್ನು ದೋಣಿ ಕೊಳ್ಳುವಾಗ ಕೇಳುವವರು ಕಡಿಮೆ.

ಮಲ್ಪೆ, ಗಂಗೊಳ್ಳಿ, ಮಂಗಳೂರು ಕಡೆಯ ನಮ್ಮ ಹಿರಿಯರು ಬಳಸುತ್ತಿದ್ದದ್ದು ಪೂರ್ತಿ ಮರದ ದೋಣಿ. ಅದಕ್ಕೆ ಗೇರುಬೀಜದ ಎಣ್ಣೆ, ಮೀನೆಣ್ಣೆ ಬಳಿದು ಕಾಪಾಡುತ್ತಿದ್ದರು. ಮರ ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಉಗುರಿಗೆ ಸಿಗುತ್ತಿತ್ತು. ಫೈಬರ್ ದೋಣಿ ಬಂದ ಮೇಲೆ ಮರದ ಕಾಟ ತಪ್ಪಿತು ಎಂದೇ ಎಲ್ಲರೂ ತಿಳಿದರು. ಆದರೆ ಅನೇಕ ಫೈಬರ್ ದೋಣಿಗಳ ಒಳಗೆ ಮರ ಇದ್ದೇ ಇದೆ. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆ, ಅಂದರೆ ಬೋಟಿನವರು ಟ್ರಾನ್ಸಮ್ ಎನ್ನುವ ಭಾಗ, ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇಟ್ಟು ಮಾಡಿದ್ದು. ತಳದ ಉದ್ದಕ್ಕೂ ಬಲ ಕೊಡುವ ಪಟ್ಟಿಗಳ ಹೊಟ್ಟೆಯಲ್ಲೂ ಹಲವು ದೋಣಿಗಳಲ್ಲಿ ಮರವೇ ಇರುತ್ತದೆ.

ಫೈಬರಿಗೆ ಕೊಳೆ ಇಲ್ಲ, ನಿಜ. ಆದರೆ ಎಂಜಿನ್ ಬಿಗಿಯಲು ನಾಲ್ಕು ತೂತು ಕೊರೆದರು, ಹಗ್ಗ ಕಟ್ಟಲು ಒಂದು ಕೊಂಡಿ ಹಾಕಿದರು, ನೀರು ಹೊರಹೋಗಲು ಕೆಳಗೊಂದು ತೂತು ಬಿಟ್ಟರು ಎನ್ನಿ. ತೂತಿನ ಅಂಚನ್ನು ಸರಿಯಾಗಿ ಮುಚ್ಚದಿದ್ದರೆ ಅಲ್ಲಿಂದ ಹನಿಹನಿಯಾಗಿ ನೀರು ಪ್ಲೈವುಡ್‌ಗೆ ಇಳಿಯುತ್ತದೆ. ಒಳಹೋದ ನೀರಿಗೆ ಹೊರಬರುವ ದಾರಿ ಇಲ್ಲ. ಮರದ ತೇವಾಂಶ ಶೇ. 20 ದಾಟಿ ಮೇಲೇರಿತೆಂದರೆ ಶಿಲೀಂಧ್ರಕ್ಕೆ ಹಬ್ಬ. ಪೂರ್ತಿ ಮುಳುಗಿದ, ಗಾಳಿಯೇ ತಾಗದ ಮರ ಬೇಗ ಕೊಳೆಯುವುದಿಲ್ಲ. ಅರೆಬರೆ ಒದ್ದೆಯಾಗಿ, ಸ್ವಲ್ಪ ಗಾಳಿಯೂ ಸಿಕ್ಕ ಮರವೇ ಕುಂಬಾಗುವುದು. ಇನ್ನೊಂದು ಮಾತು: ಉಪ್ಪುನೀರು ಕುಂಬಿಗೆ ಅಷ್ಟು ಹಿತವಲ್ಲ, ಸಿಹಿನೀರು ಹಿತ. ಸಮುದ್ರದಲ್ಲಿ ಹತ್ತು ವರ್ಷ ದುಡಿದ ದೋಣಿಯನ್ನು ದಡದಲ್ಲಿ ಬಾಯಿ ಮೇಲೆ ಮಾಡಿ ಎರಡು ಮಳೆಗಾಲ ಬಿಟ್ಟರೆ, ಸಮುದ್ರ ಮಾಡದ ಕೇಡನ್ನು ಮಳೆನೀರು ಮಾಡಿ ಮುಗಿಸಿರುತ್ತದೆ. ಕರಾವಳಿಯಿಂದ ಅಗ್ಗಕ್ಕೆ ತಂದ ದೋಣಿಯ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಸೆಕೆಂಡ್ ಹ್ಯಾಂಡ್ ದೋಣಿ ಮಾರುವವರು ಮೊದಲು ಮಾಡುವ ಕೆಲಸ ಬಣ್ಣ ಹೊಡೆಸುವುದು. ಬಾಕಿ ತೋರಿಸದ ಪಾಸ್‌ಬುಕ್ಕಿನಂತೆ ಹೊರಗೆ ಎಲ್ಲವೂ ಸರಿ ಇರುತ್ತದೆ. ಅದಕ್ಕೇ ಕಣ್ಣಿಗಿಂತ ಕಿವಿಯನ್ನು ನಂಬುವುದು ಒಳ್ಳೆಯದು. ಒಂದು ನಾಣ್ಯ ಅಥವಾ ಚಿಕ್ಕ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಸದ್ದು ಟಣ್ಣೆನ್ನುತ್ತದೆ, ಕೊಳೆತಲ್ಲಿ ಒದ್ದೆ ರಟ್ಟು ತಟ್ಟಿದ ಹಾಗೆ ಮಂಕು. ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿ ಆರಿಸುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಬೇಕಾಗಿಲ್ಲ. ಬಳಿಕ ಎಂಜಿನ್ನಿನ ತಲೆ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಗೋಡೆಯೂ ಜೊತೆಗೆ ಬಾಗಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಮಾಲೀಕರು ಒಪ್ಪಿದರೆ ಒಳಬದಿಯಿಂದ ಒಂದು ಸಣ್ಣ ತೂತು ಕೊರೆದು ನೋಡಬಹುದು. ಬರುವ ಪುಡಿ ಒಣಗಿ ತಿಳಿಬಣ್ಣದ್ದಾಗಿದ್ದರೆ ಸರಿ. ಕಪ್ಪಗೆ, ಒದ್ದೆಯಾಗಿ, ಹುಳಿವಾಸನೆ ಹೊಡೆದರೆ ಒಳಗಿನ ಮರ ಹೋಗಿದೆ. ನೋಡಿದ ಮೇಲೆ ಆ ತೂತನ್ನು ಮುಚ್ಚಲು ಮರೆಯಬಾರದು. ಕೊರೆಯಲು ಒಪ್ಪದ ಮಾಲೀಕರೂ ಒಂದು ರೀತಿಯಲ್ಲಿ ಉತ್ತರ ಕೊಟ್ಟಂತೆಯೇ.

ದುರಸ್ತಿಗೆ ಅಡ್ಡದಾರಿ ಹೇಳುವವರು ಎಲ್ಲೆಡೆ ಇದ್ದಾರೆ. ನಾಲ್ಕು ತೂತು ಮಾಡಿ ಒಳಗೆ ರೆಸಿನ್ ಸುರಿದರೆ ಸಾಕು ಎನ್ನುವುದು ಅವರ ಚುಚ್ಚುಮದ್ದು. ಒದ್ದೆ ಮರದೊಳಗೆ ರೆಸಿನ್ ಇಳಿಯುವುದಿಲ್ಲ, ಅಂಟುವುದೂ ಇಲ್ಲ. ಕುಂಬನ್ನು ತೆಗೆಯಲೇಬೇಕು.

ಅದಕ್ಕೆ ತಕ್ಕ ಕಾಲ ಬೇಸಿಗೆ. ಹಿನ್ನೀರು ಹಿಂದೆ ಸರಿದು ದೋಣಿಗಳು ದಡದಲ್ಲಿ ಕೂತಿರುತ್ತವೆ, ಬಾರಾಮತಿ ಕಡೆಯ ಒಣ ಬಿಸಿಲು ಮರ ಒಣಗಿಸಲು ಹೇಳಿ ಮಾಡಿಸಿದಂತಿರುತ್ತದೆ. ಮೊದಲು ದೋಣಿಯನ್ನು ಸಮತಟ್ಟಾಗಿ, ಹಲವು ಕಡೆ ಆಧಾರ ಕೊಟ್ಟು ಕೂರಿಸಬೇಕು. ಇಲ್ಲವಾದರೆ ಒಳಗಿನ ಪಟ್ಟಿ ಕತ್ತರಿಸಿದ ಕ್ಷಣ ತಳವೇ ಸೊಟ್ಟಗಾಗುತ್ತದೆ, ಆಮೇಲೆ ಅದು ನೇರ ಓಡುವುದಿಲ್ಲ. ಬಳಿಕ ಗ್ರೈಂಡರಿನಿಂದ ಒಳಗಿನ ಫೈಬರ್ ಪದರವನ್ನು ಮಾತ್ರ, ಅಂಚಿನಲ್ಲಿ ಎರಡು ಅಂಗುಲ ಬಿಟ್ಟು ಕತ್ತರಿಸಿ ತೆಗೆಯುವುದು. ಹೊರಪದರ ಮುಟ್ಟಬಾರದು, ದೋಣಿಯ ಆಕಾರ ಅದರಲ್ಲಿದೆ. ಉಳಿಯಿಂದ ಕುಂಬನ್ನು ಕೆತ್ತುತ್ತಾ ಹೋಗಿ, ಕಪ್ಪು ಮುಗಿದ ಮೇಲೂ ಒಂದು ಗೇಣು ಮುಂದೆ ಹೋಗಿ ನಿಲ್ಲಿಸಬೇಕು. ಇಲ್ಲಿ ಜಿಪುಣತನ ಮಾಡಿದವರು ಮೂರು ವರ್ಷಕ್ಕೆ ಮತ್ತೆ ಅದೇ ಕೆಲಸಕ್ಕೆ ಕೂರುತ್ತಾರೆ.

ಹೊಸ ಪ್ಲೈವುಡ್ ಕೊಳ್ಳುವಾಗ ಅಂಗಡಿಯವರ 'ಮರೈನ್' ಎಂಬ ಬಾಯಿಮಾತು ಸಾಲದು. ಹಾಳೆಯ ಮೇಲೆ ಐಎಸ್ 710 ಮುದ್ರೆ ಇರಬೇಕು; 72 ಗಂಟೆ ಕುದಿನೀರಿನ ಪರೀಕ್ಷೆ ತಾಳುವ ದರ್ಜೆ ಅದು. 18 ಮಿ.ಮೀ.ನ ಎರಡು ಹಾಳೆ ಅಂಟಿಸಿದರೆ ಸುಮಾರು ಒಂದೂವರೆ ಅಂಗುಲ ದಪ್ಪ ಸಿಗುತ್ತದೆ. ಕೂರಿಸುವ ಮುಂಚೆಯೇ ಹಾಳೆಯ ಅಂಚುಗಳಿಗೆ ರೆಸಿನ್ ಕುಡಿಸಬೇಕು. ನೀರು ಹೀರುವ ಬಾಯಿ ಅಂಚಿನಲ್ಲೇ ಇದೆ. ಗಟ್ಟಿ ಮಾಡಿದ ರೆಸಿನ್ ಹಚ್ಚಿ ಒತ್ತಿದಾಗ ಸುತ್ತಲೂ ಅದು ಉಕ್ಕಿ ಬಂದರೆ ಒಳಗೆ ಟೊಳ್ಳು ಉಳಿದಿಲ್ಲ ಎಂದರ್ಥ. ಮೂಲೆಗಳನ್ನು ಬೆರಳಿನಿಂದ ತೀಡಿದಂತೆ ದುಂಡಗೆ ತುಂಬಿ, ಆಮೇಲೆ ಫೈಬರ್ ಮ್ಯಾಟ್‌ನ ಪದರಗಳನ್ನು ಒಂದಕ್ಕಿಂತ ಒಂದು ಅಗಲವಾಗಿ ಹಾಕುವುದು. ಚೂಪು ಮೂಲೆಗೆ ಮ್ಯಾಟ್ ಕೂರುವುದಿಲ್ಲ, ಅಲ್ಲೇ ಸೀಳುತ್ತದೆ.

ಹಳೆಯ ಫೈಬರಿಗೆ ಅಂಟಲು ಎಪಾಕ್ಸಿ ಉತ್ತಮ, ದುಬಾರಿಯೂ ಹೌದು. ಕಡಿಮೆ ಖರ್ಚೆಂದು ಬಹಳ ಮಂದಿ ಪಾಲಿಯೆಸ್ಟರನ್ನೇ ಬಳಸುತ್ತಾರೆ, ಚೆನ್ನಾಗಿ ಉಜ್ಜಿ ಒರಟು ಮಾಡಿದರೆ ಅದೂ ನಿಲ್ಲುತ್ತದೆ. ಆದರೆ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಬಳಿಯಬಾರದು, ಕಚ್ಚುವುದಿಲ್ಲ. ಪಾಲಿಯೆಸ್ಟರಿಗೆ ಬೆರೆಸುವ ಹಾರ್ಡನರ್ ಶೇ. 1ರಿಂದ 2ರಷ್ಟು ಮಾತ್ರ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಡಬ್ಬಿಯಲ್ಲೇ ಕಲ್ಲಾಗಿಬಿಡುತ್ತದೆ. ಬೆಳಗಿನ ಹೊತ್ತು, ನೆರಳಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸುವುದು ಒಳಿತು. ಹಾರ್ಡನರನ್ನೂ ಕೋಬಾಲ್ಟ್ ದ್ರವವನ್ನೂ ನೇರ ಒಂದಕ್ಕೊಂದು ಬೆರೆಸುವುದು ಮಾತ್ರ ಪ್ರಾಣಕ್ಕೇ ಅಪಾಯ, ಸ್ಫೋಟವಾಗಬಹುದು. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಬಳಿಕವೇ ಇನ್ನೊಂದು. ಗ್ರೈಂಡರ್ ಹಿಡಿದವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಆಗದು, ಸರಿಯಾದ ಮಾಸ್ಕ್ ಬೇಕು. ಗಾಜಿನ ಧೂಳದು.

ಕೊನೆಯಲ್ಲಿ ಮತ್ತೆ ಆ ತೂತುಗಳ ವಿಷಯ. ರೋಗ ಹುಟ್ಟಿದ್ದೇ ಅಲ್ಲಿ. ಬೋಲ್ಟಿಗಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿಯಿಂದ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದರೆ ಮುಂದೆ ನೀರು ಒಸರಿದರೂ ಮರ ಮುಟ್ಟುವುದಿಲ್ಲ. ಅರ್ಧ ದಿನದ ಕೆಲಸ ಅಷ್ಟೇ. ದೋಣಿ ಕಟ್ಟುವಾಗಲೇ ಇದನ್ನು ಮಾಡಿದ್ದರೆ ಇಷ್ಟೆಲ್ಲ ಕತ್ತರಿಸುವ ಪ್ರಮೇಯ ಬರುತ್ತಿರಲಿಲ್ಲ.

ಎಂಜಿನ್ ಇರುವ ಒಳನಾಡ ದೋಣಿಗಳ ನೋಂದಣಿ, ತಪಾಸಣೆಗೆ 1917ರ ಹಳೆಯ ಕಾಯ್ದೆಯ ಬದಲು 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಕೊಳ್ಳುವವರು ಕಾಗದಪತ್ರ ಕೇಳಿ ಪಡೆಯಬೇಕು. ಬರುವ ಚಳಿಗಾಲದಲ್ಲಿ ಮಕ್ಕಳೊಂದಿಗೆ ರಾಜಹಂಸ ನೋಡಲು ಹೋಗುವ ಸಂಘದ ಸದಸ್ಯರು ಮೊದಲು ಲೈಫ್ ಜಾಕೆಟ್ ಕೇಳಿ ತೊಡಬೇಕು. ದೋಣಿ ಹತ್ತುವ ಮುಂಚೆ ಎಂಜಿನ್ ಕೂತ ಆ ಹಿಂಬದಿಯ ಗೋಡೆಯ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿ ನೋಡಿದರೆ ದೋಣಿಯವರು ಬೇಸರಿಸಲಾರರು.